ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಎಚ್‌ಡಿ 10×42: ದುರ್ಬೀನು ಚೆನ್ನಾಗಿದೆ, ಟ್ರೈಪಾಡ್ ಇಲ್ಲದೆ ಕೊಳ್ಳಬೇಡಿ

ಈ ದುರ್ಬೀನು ಕೊಂಡು ಮೂರು ವರ್ಷ ಆಯ್ತು. ಮೂರು ಡಿಸೆಂಬರ್ ಬೇಟೆಗೆ ನನ್ನ ಜೊತೆ ಬಂದಿದೆ. ನಡುವೆ ಸುಮ್ನೆ ಜಿಂಕೆ ನೋಡೋಣ ಅಂತ ಬೆಟ್ಟಕ್ಕೆ ಹೋದ ಶನಿವಾರಗಳ ಲೆಕ್ಕ ಇಟ್ಟಿಲ್ಲ. ಕೊಂಡ ವಾರವೇ ಇದರ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಆಗ ಬರೆದಿದ್ದರೆ ತಪ್ಪು ಬರೆಯುತ್ತಿದ್ದೆ. ಯಾಕೆಂದರೆ ಮೊದಲ ವರ್ಷ ಪೂರ್ತಿ ನಾನು ಇದನ್ನು ಕೈಯಲ್ಲಿ ಹಿಡಿದೇ ನೋಡಿದ್ದು. ಟ್ರೈಪಾಡ್ ಮೇಲೆ ಕೂರಿಸಿದ ದಿನ ಇದರ ನಿಜವಾದ ಬೆಲೆ ಗೊತ್ತಾಯಿತು. ಹಾಗಾಗಿ ಕೆಳಗೆ ಅರ್ಧ ಮಾತು ದುರ್ಬೀನಿನದು, ಅರ್ಧ ಮಾತು ಟ್ರೈಪಾಡಿನದು.

ನಾನಿರುವುದು ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್‌ನಲ್ಲಿ. ಊರು ಸಕಲೇಶಪುರದ ಹತ್ತಿರ. ತಾತನ ಕಾಲದ ಬೇಟೆಯ ಮಾತು ಕೇಳಿಕೊಂಡು ಬೆಳೆದೆ. ಮರಸು ಕೂರುವುದು, ಹಳು ನುಗ್ಗುವುದು, ಬಿಲ್ಲಿಗೆ ನಿಲ್ಲುವುದು, ಎಲ್ಲ ಬರೀ ಕಿವಿಯಲ್ಲಿ ಕೇಳಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಊರಲ್ಲಿ ಬೇಟೆ ಅಪರಾಧ, ಅದು ಹಾಗೇ ಇರಬೇಕು ಅನ್ನುವವನು ನಾನು. ಇಲ್ಲಿಯ ವ್ಯವಸ್ಥೆ ಬೇರೆ. ಯಾವ ಪ್ರದೇಶದಲ್ಲಿ ಎಷ್ಟು ಜಿಂಕೆಗೆ ಅನುಮತಿ ಅಂತ ಅರಿಝೋನಾ ಗೇಮ್ ಅಂಡ್ ಫಿಶ್ ಇಲಾಖೆ ಗೊತ್ತು ಮಾಡುತ್ತದೆ, ಕೋವಿ ಬೇಟೆಗೆ ಅರ್ಜಿ ಹಾಕಿ ಲಾಟರಿಯಲ್ಲಿ ಹೆಸರು ಬಂದರೆ ಮಾತ್ರ ಟ್ಯಾಗ್, ಅಂದರೆ ಹೊಡೆದ ಜಿಂಕೆಗೆ ಕಟ್ಟುವ ಅನುಮತಿ ಚೀಟಿ, ಕೊಡುತ್ತಾರೆ, ಒಬ್ಬರಿಗೆ ವರ್ಷಕ್ಕೆ ಒಂದೇ ಜಿಂಕೆ. ನನ್ನ ಹತ್ತಿರ ಲೈಸೆನ್ಸ್ ಇದೆ, ನಾವು ಹೋಗುವ ಬೆಟ್ಟದ ಟ್ಯಾಗ್ ಇನ್ನೂ ಬಂದಿಲ್ಲ. ಟ್ಯಾಗ್ ಬಂದಿರುವುದು ಜೊತೆಗೆ ಬರುವ ಮೂಡಿಗೆರೆ ಕಡೆಯ ಅಣ್ಣನಿಗೆ. ಅವರು ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ ದಾಟಿದೆ. ಕೋವಿ ಅವರ ಕೈಯಲ್ಲಿ, ದುರ್ಬೀನು ನನ್ನ ಕೈಯಲ್ಲಿ. ಜಿಂಕೆ ಹುಡುಕಿಕೊಡುವುದು ನನ್ನ ಕೆಲಸ. ಇದಕ್ಕೆ ಇಲ್ಲಿಯವರು ಗ್ಲಾಸಿಂಗ್ ಅಂತಾರೆ.

ನಾವು ಹುಡುಕುವುದು ಕೂಸ್ ಜಿಂಕೆ. ವೈಟ್‌ಟೇಲ್ ಜಿಂಕೆಯಲ್ಲೇ ಒಂದು ಸಣ್ಣ ಬಗೆ. ಎಲಿಯಟ್ ಕೌಸ್ ಅಂತ ಒಬ್ಬ ಸೈನ್ಯದ ಡಾಕ್ಟರು, ಪಕ್ಷಿಗಳನ್ನೂ ಓದಿಕೊಂಡವರು, 1864ರಲ್ಲಿ ಅರಿಝೋನಾದ ಫೋರ್ಟ್ ವಿಪಲ್‌ಗೆ ಬಂದಿದ್ದರು. ಜಿಂಕೆಗೆ ಅವರದೇ ಹೆಸರು. ಬೇಟೆಗಾರರ ಬಾಯಲ್ಲಿ ಅದು ಕೂಸ್ ಆಗಿಬಿಟ್ಟಿದೆ. ಕನ್ನಡದ ಕಿವಿಗೆ ಇದೇ ಸರಿ ಅನಿಸುತ್ತದೆ, ಅಲ್ವಾ? ಬೆಳೆದ ಗಂಡು ಕೂಡ ಸುಮಾರು 45 ಕಿಲೋ ಅಷ್ಟೇ, ಬಂಡೀಪುರದ ಗಂಡು ಚುಕ್ಕೆ ಜಿಂಕೆಗಿಂತ ಸಣ್ಣದು. ಮೈ ಬೂದು ಬಣ್ಣ. ಅಲ್ಲಿಯ ಬಂಡೆಯೂ ಬೂದು, ಜೂನಿಪರ್ ಮರದ ಬುಡವೂ ಬೂದು, ಚಳಿಗಾಲದ ಒಣಹುಲ್ಲಿನ ನೆರಳೂ ಬೂದು. ಬೂದು ದೆವ್ವ ಅಂತಲೇ ಇದನ್ನು ಕರೆಯುತ್ತಾರೆ.

ಜಾಗ ಟೂಸಾನ್‌ಗೆ ದಕ್ಷಿಣದ ಸಾಂಟಾ ರೀಟಾ ಬೆಟ್ಟಸಾಲು. ಬೇಟೆಯ ನಕ್ಷೆಯಲ್ಲಿ 34ಎ ಯೂನಿಟ್. ತುದಿಯ ಮೌಂಟ್ ರೈಟ್ಸನ್ ಸುಮಾರು 2,880 ಮೀಟರ್ ಎತ್ತರ. ಕೆಳಗೆ ಪಾಪಾಸುಕಳ್ಳಿ, ಮೆಸ್ಕೀಟ್ ಮುಳ್ಳುಗಿಡ. ಮೇಲೆ ಹೋದಂತೆ ಓಕ್, ಜೂನಿಪರ್. ನಮ್ಮ ಮಲೆನಾಡಿನಲ್ಲಿ ಹತ್ತು ಮಾರು ಆಚೆಗೆ ಏನೂ ಕಾಣದಷ್ಟು ಹಳು ಕಟ್ಟಿರುತ್ತದೆ, ಅಲ್ಲಿ ಇಂಥ ದುರ್ಬೀನಿಗೆ ಕೆಲಸವೇ ಇಲ್ಲ. ಇಲ್ಲಿ ಇಡೀ ಗುಡ್ಡ ಕಣ್ಣ ಮುಂದೆ ಹರಡಿಕೊಂಡಿರುತ್ತದೆ. ಕಣಿವೆಯ ಈ ಬದಿಯಲ್ಲಿ ಕೂತು ಆ ಬದಿ ನೋಡಬೇಕು. ಅರ್ಧ ಕಿಲೋಮೀಟರ್ ಇರಬಹುದು, ಒಂದೂವರೆ ಕಿಲೋಮೀಟರ್ ಇರಬಹುದು. ಅಷ್ಟು ದೂರದಲ್ಲಿ ಸುಮ್ಮನೆ ನಿಂತ ಜಿಂಕೆ ಬರಿಗಣ್ಣಿಗೆ ಸಿಗುವುದೇ ಇಲ್ಲ.

ಇದಕ್ಕೂ ಮೊದಲು ನನ್ನ ಹತ್ತಿರ ಒಂದು ಅಗ್ಗದ ದುರ್ಬೀನು ಇತ್ತು. ಹೆಸರು ಬೇಡ. ಡಬ್ಬದ ಮೇಲೆ 20×50 ಅಂತ ದೊಡ್ಡದಾಗಿ ಬರೆದಿತ್ತು. ಇಪ್ಪತ್ತು ಪಟ್ಟು ಹತ್ತಿರ ಕಾಣುತ್ತದೆ ಅಂದರೆ ಹತ್ತು ಪಟ್ಟಿಗಿಂತ ಒಳ್ಳೆಯದೇ ಅಲ್ವಾ ಅಂದುಕೊಂಡು ಕೊಂಡೆ. ಕೈ ಒಂದು ಕೂದಲೆಳೆ ಅಲುಗಿದರೆ ಇಡೀ ಗುಡ್ಡವೇ ಅಲುಗುತ್ತಿತ್ತು. ಎರಡು ಕೊಳವೆಯೂ ಒಂದೇ ಕಡೆ ನೋಡುತ್ತಿರಲಿಲ್ಲ. ಕಾಲು ಗಂಟೆಯಲ್ಲಿ ಹುಬ್ಬಿನ ಮಧ್ಯೆ ನೋವು ಶುರು. ಒಂದು ದಿನ ಮಳೆಹನಿಗೆ ಸಿಕ್ಕಿದ್ದಕ್ಕೆ ಒಳಗಿನ ಗಾಜಿಗೇ ಮಂಜು ಕೂತಿತು, ಬಟ್ಟೆಯಲ್ಲಿ ಒರೆಸುವ ಹಾಗೂ ಇಲ್ಲ. ಆ ವರ್ಷ ನಾನು ಹುಡುಕಿಕೊಟ್ಟ ಜಿಂಕೆ ಒಂದೂ ಇಲ್ಲ.

ಈಗ ಡೈಮಂಡ್‌ಬ್ಯಾಕ್ ವಿಷಯಕ್ಕೆ ಬರುತ್ತೇನೆ. 10×42 ಅಂದರೆ ಹತ್ತು ಪಟ್ಟು ಹತ್ತಿರ, ಮುಂದಿನ ಗಾಜಿನ ಅಡ್ಡಳತೆ 42 ಮಿ.ಮೀ. ಒಂದು ಕಿಲೋಮೀಟರ್ ದೂರದ ಜಿಂಕೆ ನೂರು ಮೀಟರ್ ಆಚೆ ನಿಂತ ಹಾಗೆ ಕಾಣುತ್ತದೆ. ತೂಕ ಸುಮಾರು 600 ಗ್ರಾಂ. ಒಂದು ಸಾವಿರ ಗಜ ದೂರದಲ್ಲಿ 330 ಅಡಿ ಅಗಲದ ಜಾಗ ಒಂದೇ ನೋಟಕ್ಕೆ ಸಿಗುತ್ತದೆ. ಈ ಅಗಲ ಬೇಟೆಯಲ್ಲಿ ಬಹಳ ಮುಖ್ಯ. ನೋಟ ಕಿರಿದಾದಷ್ಟೂ ಗುಡ್ಡ ಮುಗಿಸಲು ಹೊತ್ತು ಜಾಸ್ತಿ, ನಡುವೆ ಜಾಗ ಬಿಟ್ಟುಹೋಗುವುದೂ ಜಾಸ್ತಿ. ಒಳಗೆ ಆರ್ಗಾನ್ ಅನಿಲ ತುಂಬಿ ಮುಚ್ಚಿರುತ್ತಾರೆ, ಅದಕ್ಕೇ ಒಳಗಡೆ ಮಂಜು ಕೂರುವುದಿಲ್ಲ. ಹೊರಗಿನ ಗಾಜಿನ ಮಾತು ಬೇರೆ. ಚಳಿಯ ಬೆಳಿಗ್ಗೆ ನಿಮ್ಮ ಉಸಿರು ತಾಗಿದರೆ ಯಾವ ದುರ್ಬೀನಿಗಾದರೂ ಮಂಜು ಹಿಡಿಯುತ್ತದೆ. ಮೂಗಿನ ಮೇಲೆ ಮಫ್ಲರ್ ಎಳೆದುಕೊಂಡರೆ ಉಸಿರು ನೇರ ಮೇಲೆ ಬಂದು ಗಾಜಿಗೇ ಬಡಿಯುತ್ತದೆ, ಗಲ್ಲದ ಕೆಳಗೆ ಇಳಿಸಿಕೊಳ್ಳಿ.

ಮೊದಲ ಸಲ ಕಣ್ಣಿಗಿಟ್ಟಾಗ ನನಗೆ ಕಂಡಿದ್ದು ಅಂಚುಗಳು. ಕೊಂಬೆಯ ಅಂಚು, ಬಂಡೆಯ ಅಂಚು, ಒಂದರಿಂದ ಒಂದು ಬಿಡಿಸಿದ ಹಾಗೆ ನಿಂತಿದ್ದವು. ಹಳೆಯದರಲ್ಲಿ ಎಲ್ಲ ಕಲಸಿಕೊಂಡ ಬೂದು ಗೋಡೆ. ಜಿಂಕೆ ಹುಡುಕುವವರಿಗೆ ಇಷ್ಟು ಸಾಕು. ಈ ಬೆಲೆಯಲ್ಲಿ ಇಷ್ಟು ಸ್ಪಷ್ಟತೆ ಸಿಗುವುದು ದೊಡ್ಡ ವಿಷಯ ಅಂತ ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ.

ಕೊಂಡ ದಿನವೇ ಒಂದು ಕೆಲಸ ಮಾಡಿ. ಎಷ್ಟೋ ಜನ ಮಾಡುವುದಿಲ್ಲ. ನಮ್ಮ ಎರಡು ಕಣ್ಣಿನ ದೃಷ್ಟಿ ಒಂದೇ ಸಮ ಇರುವುದಿಲ್ಲ, ಅದಕ್ಕೆ ಬಲಗಣ್ಣಿನ ಕಡೆ ಡಯಾಪ್ಟರ್ ಅಂತ ಒಂದು ಉಂಗುರ ಇರುತ್ತದೆ. ಬಲಗಡೆಯ ಮುಂದಿನ ಗಾಜು ಮುಚ್ಚಿ, ಎಡಗಣ್ಣಲ್ಲಿ ದೂರದ ಒಂದು ಬೋರ್ಡ್ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಅದೇ ಬೋರ್ಡನ್ನು ಬಲಗಣ್ಣಲ್ಲಿ ನೋಡುತ್ತಾ ಉಂಗುರ ಮಾತ್ರ ತಿರುಗಿಸಿ. ನಡುವಿನ ಚಕ್ರ ಮುಟ್ಟಬೇಡಿ. ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಎರಡು ಗಂಟೆ ನೋಡಿದ ಮೇಲೆ ತಲೆನೋವು ಬರುತ್ತದೆ, ಸುಮ್ನೆ ದುರ್ಬೀನನ್ನು ಬೈಯುತ್ತೀರಿ.

ಕನ್ನಡಕ ಹಾಕುವವರಿಗೆ ಒಂದು ಮಾತು. ಇದರ ಐ ರಿಲೀಫ್ 15 ಮಿ.ಮೀ. ಅಂದರೆ ಗಾಜಿನಿಂದ ಕಣ್ಣು ಅಷ್ಟು ದೂರ ಇದ್ದರೂ ಪೂರ್ತಿ ಚಿತ್ರ ಕಾಣುತ್ತದೆ. ಕನ್ನಡಕ ತೆಳುವಾಗಿ ಮುಖಕ್ಕೆ ಹತ್ತಿರ ಕೂತರೆ ಸಾಕಾಗಬಹುದು, ಮೂಗಿನ ತುದಿಗೆ ಜಾರುವಂಥದ್ದಾದರೆ ಅಂಚು ಕತ್ತರಿಸಿಹೋಗುತ್ತದೆ. ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲು, ಐಕಪ್, ಪೂರ್ತಿ ಕೆಳಗೆ ತಿರುಗಿಸಿ, ಅಂಗಡಿಯಲ್ಲೇ ಹಾಕಿ ನೋಡಿ. 8×42 ಮಾದರಿಯಲ್ಲಿ ಈ ಅಂತರ ಇನ್ನೂ ಸ್ವಲ್ಪ ಜಾಸ್ತಿ.

ಇನ್ನು ಟ್ರೈಪಾಡ್.

ಎರಡನೇ ಡಿಸೆಂಬರ್‌ನಲ್ಲಿ ನಡೆದದ್ದು ಹೇಳುತ್ತೇನೆ. ಬೆಳಕು ಹರಿಯುವ ಮುಂಚೆ ಏರಿ ಕೂತಿದ್ದೆವು. ನಾನು ಮೊಣಕೈಯನ್ನು ಮಂಡಿಗೆ ಊರಿ ಎದುರಿನ ಗುಡ್ಡವನ್ನು ಒಂದು ಗಂಟೆಯ ಮೇಲೆ ನೋಡಿದೆ. “ಅಣ್ಣ, ಇಲ್ಲಿ ಏನೂ ಇಲ್ಲ, ಮುಂದಿನ ಕಣಿವೆಗೆ ಹೋಗೋಣ” ಅಂದೆ. ಅವರು ಮಾತಾಡಲಿಲ್ಲ. ತಮ್ಮ ಟ್ರೈಪಾಡನ್ನು ನನ್ನ ಮುಂದೆ ಇಟ್ಟು, ನನ್ನ ದುರ್ಬೀನನ್ನೇ ಅದರ ಮೇಲೆ ಸಿಕ್ಕಿಸಿದರು. “ಈಗ ಅದೇ ಗುಡ್ಡ ಇನ್ನೊಂದು ಸಲ ನೋಡು ಮಾರಾಯ. ಕೈ ತೆಗಿ, ಮುಟ್ಟಬೇಡ.” ಮುಟ್ಟದೆ ನೋಡಿದೆ. ಗುಡ್ಡ ನಿಂತುಬಿಟ್ಟಿತು. ಅಲ್ಲಿಯವರೆಗೆ ಎಲ್ಲವೂ ಸಣ್ಣಗೆ ನಡುಗುತ್ತಿತ್ತು ಅನ್ನುವುದು ಅದು ನಿಂತ ಮೇಲೆ ಗೊತ್ತಾಯಿತು. ಎಲ್ಲ ನಿಂತಿರುವಾಗ ಒಂದು ಮಾತ್ರ ಅಲ್ಲಾಡಿತು. ಓಕ್ ಮರದ ಕೆಳಗೆ ಒಂದು ಎಲೆ ಅಂದುಕೊಂಡೆ. ಎಲೆ ಇನ್ನೊಂದು ಸಲ ಹೊರಳಿತು. ಅದು ಕಿವಿ. ಕಿವಿಯ ಪಕ್ಕ ಕಣ್ಣಿನ ಸುತ್ತ ಬಿಳಿ ಉಂಗುರ, ಅದರ ಕೆಳಗೆ ಕಪ್ಪು ಮೂಗು. ಒಂದು ಹೆಣ್ಣು ಜಿಂಕೆ ಮಲಗಿಕೊಂಡು ನೇರ ನಮ್ಮ ಕಡೆಯೇ ನೋಡುತ್ತಿತ್ತು. ಅರ್ಧ ಗಂಟೆಯಲ್ಲಿ ಅದರ ಸುತ್ತ ಇನ್ನೂ ಮೂರು ಸಿಕ್ಕವು. ನಾನು ಏನೂ ಇಲ್ಲ ಅಂದ ಗುಡ್ಡ ಅದು.

ಕಾರಣ ಸುಲಭ. ದುರ್ಬೀನು ಜಿಂಕೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿದ ಹಾಗೆ ನಿಮ್ಮ ಕೈ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಜಿಂಕೆ ಸಿಗುವುದು ಅದರ ಸಣ್ಣ ಅಲುಗಾಟದಿಂದ. ಕಿವಿ ಒದರುವುದು, ಬಾಲ ಒಂದು ಸಲ ಬೀಸುವುದು, ತಲೆ ತಗ್ಗಿಸುವುದು, ಅಷ್ಟೇ. ನೋಟವೇ ನಡುಗುತ್ತಿದ್ದರೆ ಆ ಅಲುಗಾಟ ಅದರಲ್ಲಿ ಮುಳುಗಿಹೋಗುತ್ತದೆ. ಜೊತೆಗೆ ತೋಳು ಸೋಲುತ್ತದೆ. ಕೈಯಲ್ಲಿ ಹಿಡಿದರೆ ಹತ್ತು ನಿಮಿಷಕ್ಕೆ ಕೆಳಗಿಳಿಸಬೇಕು ಅನಿಸುತ್ತದೆ. ಟ್ರೈಪಾಡ್ ಮೇಲೆ ಒಂದು ಗಂಟೆ ಆರಾಮಾಗಿ ನೋಡಬಹುದು. ಇನ್ನೊಂದು ಲಾಭ ನನಗೆ ಆಮೇಲೆ ಗೊತ್ತಾಯಿತು. ಸಂಶಯದ ಜಾಗ ಸಿಕ್ಕರೆ ಹಾಗೇ ಬಿಟ್ಟು, ನೀರು ಕುಡಿದು ಬಂದು ಮತ್ತೆ ಅದೇ ಜಾಗ ನೋಡಬಹುದು. ಪಕ್ಕದವರನ್ನು ಕರೆದು ತೋರಿಸಬಹುದು. ಆ ಬಿಳಿ ಬಂಡೆಯಿಂದ ಎಡಕ್ಕೆ, ಎರಡನೇ ಮರದ ಕೆಳಗೆ ಅಂತ ಕೈ ತೋರಿಸಿ ವಿವರಿಸುವಷ್ಟರಲ್ಲಿ ಜಿಂಕೆ ಎದ್ದು ಹೋಗಿರುತ್ತದೆ.

ಡೈಮಂಡ್‌ಬ್ಯಾಕ್‌ನ ನಡುವಿನ ಕೀಲಿನ ಮುಂದುಗಡೆ ಒಂದು ಸಣ್ಣ ಮುಚ್ಚಳ ಇದೆ. ತಿರುಗಿಸಿ ತೆಗೆದರೆ ಅಡಾಪ್ಟರ್, ಅಂದರೆ ದುರ್ಬೀನನ್ನು ಟ್ರೈಪಾಡಿಗೆ ಜೋಡಿಸುವ ತುಂಡು, ಸಿಕ್ಕಿಸುವ ತೂತು. ಅಡಾಪ್ಟರ್ ಬೇರೆ ಕೊಳ್ಳಬೇಕು. ನಾನು ಒಂದು ಅಂಗಡಿಯಲ್ಲಿ ಅವರು ಕೊಟ್ಟಿದ್ದನ್ನು ಕಣ್ಣು ಮುಚ್ಚಿ ತಂದೆ, ಮನೆಗೆ ಬಂದು ನೋಡಿದರೆ ಅದರ ತಳ ನನ್ನ ಟ್ರೈಪಾಡ್ ತಲೆಗೆ ಕೂರಲಿಲ್ಲ. ಬದಲಾಯಿಸಿಕೊಳ್ಳಲು ಎರಡು ಸಲ ಓಡಾಡಿದೆ. ನೀವು ಅಲ್ಲೇ ಸಿಕ್ಕಿಸಿ ನೋಡಿ. ಆ ಸಣ್ಣ ಮುಚ್ಚಳವನ್ನು ಜೋಪಾನವಾಗಿಡಿ, ಬೆಟ್ಟದಲ್ಲಿ ಬಿದ್ದರೆ ಸಿಗುವುದಿಲ್ಲ.

ಟ್ರೈಪಾಡ್ ದುಬಾರಿಯದೇ ಆಗಬೇಕಿಲ್ಲ. ಎತ್ತರವೂ ಬೇಡ, ಕೂತು ನೋಡುವಷ್ಟು ಇದ್ದರೆ ಸಾಕು. ತಲೆ ಮಾತ್ರ ಎಡಕ್ಕೆ ಬಲಕ್ಕೆ ನಯವಾಗಿ ತಿರುಗಬೇಕು, ಬಿಟ್ಟ ಕಡೆ ನಿಲ್ಲಬೇಕು. ವಿಡಿಯೋಗೆ ಬಳಸುವ ಫ್ಲೂಯಿಡ್ ಹೆಡ್ ಒಳ್ಳೆಯದು. ನಡುವಿನ ಕಂಬವನ್ನು ಮೇಲೆತ್ತಬೇಡಿ, ಗಾಳಿಗೆ ನಡುಗುತ್ತದೆ. ಗಾಳಿ ಜೋರಿದ್ದರೆ ಬ್ಯಾಗನ್ನು ಕೆಳಗೆ ನೇತುಹಾಕಿ. ಕೂರಲು ದಪ್ಪ ಮೆತ್ತೆ ಒಯ್ಯಿರಿ. ಕಲ್ಲಿನ ಮೇಲೆ ಕೂತವರು ಬೇಗ ಏಳುತ್ತಾರೆ, ಬೇಗ ಎದ್ದವರಿಗೆ ಜಿಂಕೆ ಸಿಗುವುದಿಲ್ಲ.

ಹೇಗೆ ನೋಡಬೇಕು ಅನ್ನುವುದನ್ನೂ ಬರೆದುಬಿಡುತ್ತೇನೆ, ಯಾಕೆಂದರೆ ದುರ್ಬೀನು ಒಳ್ಳೆಯದಿಲ್ಲ ಅಂತ ವಾಪಸ್ ಕೊಡುವವರಲ್ಲಿ ಎಷ್ಟೋ ಜನ ನೋಡುವ ರೀತಿಯಲ್ಲೇ ಎಡವಿರುತ್ತಾರೆ. ಅಣ್ಣ ಮೊದಲ ದಿನವೇ ಹೇಳಿದ ಮಾತು: “ಜಿಂಕೆ ಹುಡುಕಬೇಡ ಮಾರಾಯ, ಜಿಂಕೆಯ ಚೂರು ಹುಡುಕು.” ಪೂರ್ತಿ ಜಿಂಕೆ ಕಾಣುವುದು ಅಪರೂಪ. ಮರಗಳೆಲ್ಲ ನೆಟ್ಟಗೆ ನಿಂತಿರುವ ಕಡೆ ಒಂದು ಅಡ್ಡ ಗೆರೆ ಕಂಡರೆ ಅದು ಬೆನ್ನಿರಬಹುದು. ಕೊಂಬೆಗಳ ನಡುವೆ ತುಂಬಾ ನಯವಾದ, ಮಿಂಚುವ ಕೊಂಬೆ ಕಂಡರೆ ಅದು ಗಂಡಿನ ಕೊಂಬಿರಬಹುದು. ಗುಡ್ಡವನ್ನು ಗದ್ದೆಯ ಹಾಗೆ ಪಟ್ಟಿ ಮಾಡಿಕೊಳ್ಳಿ. ಮೇಲಿನ ಪಟ್ಟಿ ಎಡದಿಂದ ಬಲಕ್ಕೆ, ಅದರ ಕೆಳಗಿನದು ಬಲದಿಂದ ಎಡಕ್ಕೆ, ಉಳುಮೆ ಮಾಡಿದ ಹಾಗೆ. ಒಂದು ಕಡೆ ನಿಲ್ಲಿಸಿದರೆ ದುರ್ಬೀನು ಅಲ್ಲಾಡಿಸದೆ, ಆ ವೃತ್ತದ ಒಳಗೆ ಕಣ್ಣನ್ನು ಮಾತ್ರ ಓಡಿಸಿ. ಅಂಚಿನವರೆಗೂ ನೋಡಿ. ಆಮೇಲೆ ಸ್ವಲ್ಪ ಸರಿಸಿ, ಹಿಂದಿನ ನೋಟದ ಒಂದಿಷ್ಟು ಭಾಗ ಹೊಸದರಲ್ಲೂ ಇರಲಿ.

ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು. ಚಳಿಗೆ ಜಿಂಕೆಗಳು ಬಿಸಿಲು ಕಾಯಿಸಲು ಅಲ್ಲಿಗೆ ಬರುತ್ತವೆ, ಸೂರ್ಯ ನಿಮ್ಮ ಬೆನ್ನಿಗಿರುವುದರಿಂದ ಗಾಜಿಗೆ ನೇರ ಬೆಳಕು ಬೀಳುವುದಿಲ್ಲ. ಬಿಸಿಲು ಏರಿದ ಮೇಲೆ ಅವು ಮರದ ನೆರಳಿಗೆ ಹೋಗಿ ಮಲಗುತ್ತವೆ. ಆಗ ಎಷ್ಟೋ ಜನ ಎದ್ದು ಊಟಕ್ಕೆ ಹೋಗುತ್ತಾರೆ. ನೀವು ಹೋಗಬೇಡಿ. ನೆರಳು ಸರಿದು ಬಿಸಿಲು ಮೈಮೇಲೆ ಬಂದಾಗ ಮಲಗಿದ ಜಿಂಕೆ ಎದ್ದು, ಮೈ ಮುರಿದು, ನಾಲ್ಕು ಹೆಜ್ಜೆ ನಡೆದು ಮತ್ತೆ ಮಲಗುತ್ತದೆ. ಆ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತದೆ. ನಾವು ಹೋದ ವರ್ಷ ಕಂಡ ಒಳ್ಳೆಯ ಗಂಡು ಸಿಕ್ಕಿದ್ದು ಮಧ್ಯಾಹ್ನ ಹನ್ನೆರಡೂವರೆಗೆ, ಬೆಳಿಗ್ಗೆಯಿಂದ ಕಡಿಮೆ ಅಂದರೂ ಆರು ಸಲ ನೋಡಿದ್ದ ಜೂನಿಪರ್ ಮರದ ಬುಡದಲ್ಲಿ. ಆ ದಿನ ಅಣ್ಣ ಹತ್ತಿರ ಹೋಗಲು ಎರಡು ಗಂಟೆ ಹಿಡಿಯಿತು. ಒಂದೇ ಈಡು. ಜಿಂಕೆ ಬಿದ್ದ ಜಾಗಕ್ಕೆ ಹೋಗಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು, ಆಮೇಲೆ ಟ್ಯಾಗ್ ಕಟ್ಟಿದೆವು. ಮಾಂಸ ಹೊತ್ತು ಇಳಿಯುವಷ್ಟರಲ್ಲಿ ಕತ್ತಲಾಗಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೋವಿಯ ಮೇಲೆ ಗುರಿ ನೋಡುವ ಕೊಳವೆ, ಸ್ಕೋಪ್, ಇದೆಯಲ್ಲ, ಅದರಲ್ಲೇ ನೋಡಿದರಾಯಿತು, ದುರ್ಬೀನು ಯಾಕೆ ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಕೋಪಿನಲ್ಲಿ ನೋಡುವುದು ಅಂದರೆ ಕೋವಿಯನ್ನು ಆ ಕಡೆ ಗುರಿ ಹಿಡಿಯುವುದು. ಪೊದೆಯ ಹಿಂದೆ ಅಲ್ಲಾಡಿದ್ದು ಚಾರಣಕ್ಕೆ ಬಂದ ಯಾರೋ ಹುಡುಗಿ ಆಗಿದ್ದರೆ? ಸಾಂಟಾ ರೀಟಾದಲ್ಲಿ ಚಾರಣಿಗರು, ಹಕ್ಕಿ ನೋಡುವವರು ಎಲ್ಲರೂ ಓಡಾಡುತ್ತಾರೆ. ಏನು ಅಂತ ದುರ್ಬೀನಿನಲ್ಲಿ ಖಾತ್ರಿಯಾದ ಮೇಲೆ, ಅದರ ಹಿಂದೆ ಏನಿದೆ ಅಂತಲೂ ನೋಡಿದ ಮೇಲೆ ಮಾತ್ರ ಕೋವಿ ಮೇಲೇಳಬೇಕು. ನನಗೆ ದುರ್ಬೀನಿನ ಮೊದಲ ಉಪಯೋಗವೇ ಇದು.

ಸಂಜೆ ಬೆಳಕಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. 42ನ್ನು 10ರಿಂದ ಭಾಗಿಸಿದರೆ 4.2. ಕಣ್ಣಿಗೆ ಬರುವ ಬೆಳಕಿನ ವೃತ್ತ ಅಷ್ಟು ಮಿ.ಮೀ. ಅಗಲ. ಎಳೆ ವಯಸ್ಸಿನವರ ಕಣ್ಣಿನ ಪಾಪೆ ಕತ್ತಲಲ್ಲಿ 7 ಮಿ.ಮೀ.ವರೆಗೂ ಅಗಲಿಸುತ್ತದೆ, ವಯಸ್ಸಾದಂತೆ ಅಷ್ಟು ಅಗಲಿಸುವುದಿಲ್ಲ. ಹಾಗಾಗಿ ಮಬ್ಬು ಬೆಳಕಿನಲ್ಲಿ ಯಾವುದೇ 10×42 ಸ್ವಲ್ಪ ಮೊದಲೇ ಸೋಲುತ್ತದೆ. 8×42ರಲ್ಲಿ ಈ ವೃತ್ತ 5.25 ಮಿ.ಮೀ., ಅದು ಇನ್ನೂ ಸ್ವಲ್ಪ ಹೊತ್ತು ಕಾಣಿಸುತ್ತದೆ. ದಟ್ಟ ಕಾಡಿನಲ್ಲಿ ಹತ್ತಿರದ ಜಿಂಕೆ ನೋಡುವವರಿಗೆ, ಊರಿಗೆ ಬಂದಾಗ ನಾಗರಹೊಳೆ ಸಫಾರಿಗೆ ಒಯ್ಯುವವರಿಗೆ ನಾನು 8×42 ಕೊಳ್ಳಿ ಅಂತಲೇ ಹೇಳುತ್ತೇನೆ. ಅಲುಗಾಡುವ ಜೀಪಿನಲ್ಲಿ ಹತ್ತು ಪಟ್ಟು ಹಿಡಿಯುವುದು ಕಷ್ಟ.

ಮೇಲಿನ ದರ್ಜೆಯದೂ ಇದೆ. ಕೂಸ್ ಬೇಟೆಯಲ್ಲಿ ಪಳಗಿದವರು 15×56 ಇಡುತ್ತಾರೆ, ಅಣ್ಣನ ಹತ್ತಿರ ಸ್ವರೋವ್ಸ್ಕಿ ಕಂಪನಿಯದು ಇದೆ. ಅದರಲ್ಲಿ ನೋಡಿದ್ದೇನೆ, ಸಂಜೆಯ ಕೊನೆಯ ಬೆಳಕಲ್ಲಿ ಜೂನಿಪರ್ ಎಲೆ ಎಣಿಸಬಹುದು. ಆದರೆ ಅದರ ಬೆಲೆಯಲ್ಲಿ ಡೈಮಂಡ್‌ಬ್ಯಾಕ್ ಎಂಟು ಹತ್ತು ಬರುತ್ತವೆ, ಭಾರ ಹೆಚ್ಚುಕಡಿಮೆ ಎರಡರಷ್ಟು, ಕೈಯಲ್ಲಿ ಹಿಡಿದು ನಡೆಯುತ್ತಾ ನೋಡುವಂಥದ್ದೂ ಅಲ್ಲ. ವರ್ಷಕ್ಕೆ ಒಂದು ವಾರ ಬೇಟೆಗೆ ಹೋಗುವ ನಮ್ಮಂಥವರಿಗೆ ಅದು ಬೇಕಿಲ್ಲ.

ಡಬ್ಬದಲ್ಲಿ ಎದೆಗೆ ಕಟ್ಟಿಕೊಳ್ಳುವ ಚೀಲ ಬರುತ್ತದೆ. ಕುತ್ತಿಗೆ ಪಟ್ಟಿಗಿಂತ ಸಾವಿರ ಪಾಲು ವಾಸಿ. ಬಗ್ಗಿದಾಗ ತೂಗಾಡಿ ಬಂಡೆಗೆ ಬಡಿಯುವುದಿಲ್ಲ. ವಾರಂಟಿ ಆಜೀವ, ಎರಡನೇ ಕೈಯಲ್ಲಿ ಕೊಂಡವರಿಗೂ ಅನ್ವಯ. ನನಗೆ ಇದುವರೆಗೆ ಬೇಕಾಗಿಲ್ಲ.

ಖರ್ಚು ಇಷ್ಟಾಯಿತು: ದುರ್ಬೀನಿಗೆ 240 ಡಾಲರ್, ಯಾರೋ ಬಳಸಿ ಬಿಟ್ಟ ಟ್ರೈಪಾಡಿಗೆ 110, ಅಡಾಪ್ಟರಿಗೆ 25. ಒಟ್ಟು 375. ನಿಮ್ಮ ಕೈಯಲ್ಲಿ ಇಷ್ಟೇ ದುಡ್ಡಿದ್ದರೆ ಅಷ್ಟನ್ನೂ ದುರ್ಬೀನಿಗೆ ಹಾಕಬೇಡಿ, ಹೀಗೇ ಹಂಚಿ. ಮನೆಯಲ್ಲಿ ಕ್ಯಾಮೆರಾದ ಟ್ರೈಪಾಡ್ ಆಗಲೇ ಇದ್ದರೆ ಅದನ್ನು ಕಾರಿಗೆ ಹಾಕಿಕೊಂಡೇ ಅಂಗಡಿಗೆ ಹೋಗಿ. ದುರ್ಬೀನನ್ನು ಅದರ ಮೇಲೆ ಕೂರಿಸಿ, ಅಂಗಡಿಯವರಿಗೆ ಹೇಳಿ ಬಾಗಿಲ ಹೊರಗೆ ತಂದು, ದೂರದ ಮರ ಒಂದನ್ನು ಐದು ನಿಮಿಷ ನೋಡಿ, ಆಮೇಲೆ ದುಡ್ಡು ಕೊಡಿ.